ಕ್ಯಾರಿಯರ್ ಮೇಲಿನ ರೇಷ್ಮೆ ಮೊಟ್ಟೆ

ನಮ್ಮ ವಂಶದಲ್ಲಿ ಬಿ.ಎ. ಪಾಸು ಮಾಡಿದ ಮೊದಲನೆಯವನು ನಾನು. ಹೇಳಿಕೊಳ್ಳೋದಕ್ಕೆ ನನಗೇನೂ ನಾಚಿಕೆಯಿಲ್ಲ. ಅಪ್ಪನದು ಹೆಬ್ಬೆಟ್ಟು, ಅವ್ವನದು ಹೆಬ್ಬೆಟ್ಟು. ಅಜ್ಜನ ಮುಂದೆ ಹೆಬ್ಬೆಟ್ಟು ಒತ್ತುವಂಥ ಕಾಗದವೂ ಬಂದಿರಲಿಲ್ಲ. ನಾನು ಓದಿದ್ದರಲ್ಲಿ ಅರ್ಧ ಓದಿದ್ದು ಸೈಕಲ್ಲಿನ ಮೇಲೆ. ಕೊಳ್ಳೇಗಾಲದಿಂದ ಒಂದು ದಿನ ಯಳಂದೂರಿಗೆ, ಒಂದು ದಿನ ಹನೂರಿಗೆ, ಬೆನ್ನ ಹಿಂದೆ ಕ್ಯಾರಿಯರ್‌ನಲ್ಲಿ ರೇಷ್ಮೆ ಹುಳದ ಮೊಟ್ಟೆ ಕಟ್ಟಿಕೊಂಡು.

ಕೊಳ್ಳೇಗಾಲದಲ್ಲಿ ನಾನು ಕೆಲಸಕ್ಕಿದ್ದದ್ದು ಒಬ್ಬ ಯಜಮಾನರ ಮೊಟ್ಟೆ ಮನೆಯಲ್ಲಿ. ಅಲ್ಲಿ ಚಿಟ್ಟೆಗಳಿಂದ ದಪ್ಪ ಹಾಳೆಯ ಮೇಲೆ ಮೊಟ್ಟೆ ಇಡಿಸುತ್ತಿದ್ದರು. ಒಂದೊಂದೂ ರಾಗಿಕಾಳಿಗಿಂತ ಸಣ್ಣದು. ಒಡೆಯುವ ಹಿಂದಿನ ದಿನ ಅವು ನೀಲಿ ತಿರುಗುತ್ತವೆ. ಆಗ ಹಾಳೆಗಳನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿಡಬೇಕು. ಕತ್ತಲಿರುವಷ್ಟು ಹೊತ್ತು ಒಳಗಿನ ಹುಳು ತಾಳಿಕೊಂಡಿರುತ್ತವೆ, ಬೆಳಕು ಕಂಡರೆ ಒಟ್ಟಿಗೇ ಹೊರಗೆ ಬರುತ್ತವೆ. ಆ ಗಂಟನ್ನು ಬೆಳಗಿನ ತಂಪಿನಲ್ಲೇ ಸಾಕುವವರ ಮನೆ ಸೇರಿಸೋದು ನನ್ನ ಕೆಲಸ. ಐದಕ್ಕೆ ಹೊರಟರೆ ಒಂಬತ್ತೂವರೆಗೆ ವಾಪಸು, ಹತ್ತಕ್ಕೆ ಕಾಲೇಜು. ನನ್ನ ಓದು ನಿಂತಿದ್ದದ್ದು ಆ ಗಂಟೆಗಳ ಲೆಕ್ಕದ ಮೇಲೆ.

ಆ ಬೆಳಗಿನ ದಾರಿಗಳು ಈಗಲೂ ನನ್ನ ನಿದ್ದೆಯಲ್ಲಿ ಬರುತ್ತವೆ. ಯಳಂದೂರಿಗೆ ಹೋದರೆ ಸೂರ್ಯ ಬೆನ್ನಿಗೆ, ಹನೂರಿಗೆ ಹೋದರೆ ಮುಖಕ್ಕೆ. ಯಳಂದೂರಿನ ದಾರಿಯಲ್ಲಿ ಗದ್ದೆ ಬಯಲಿನ ಮಂಜು ಸೈಕಲ್ಲಿನ ಪೆಡಲ್ಲಿನವರೆಗೂ ಏರಿರುತ್ತಿತ್ತು. ನಾನು ನೆಲದ ಮೇಲೆ ಹೋಗುತ್ತಿದ್ದೇನೋ, ನೀರಿನ ಮೇಲೋ ತಿಳಿಯುತ್ತಿರಲಿಲ್ಲ. ದೂರದಲ್ಲಿ ಬಿಳಿಗಿರಿರಂಗನ ಬೆಟ್ಟ ಇನ್ನೂ ಎದ್ದಿರದ ದನದ ಹಾಗೆ ಮಲಗಿರುತ್ತಿತ್ತು. ಚೈನಿನ ಸದ್ದೊಂದೇ. ಚರಿತ್ರೆಯ ಪಾಠ ನಾನು ಒಪ್ಪಿಸಿಕೊಳ್ಳುತ್ತಿದ್ದದ್ದು ಆಗಲೇ. ಒಂದು ಹುಣಸೇಮರಕ್ಕೆ ಒಬ್ಬ ರಾಜ. ಮರ ಬಂದರೆ ರಾಜ ಬಂದ, ಮರ ಹಿಂದಕ್ಕೆ ಸರಿದರೆ ಅವನ ಆಳ್ವಿಕೆ ಮುಗಿಯಿತು. ಮಧ್ಯೆ ಒಂದು ಮರ ಕಡಿದುಬಿಟ್ಟಿದ್ದರು. ಪರೀಕ್ಷೆಯಲ್ಲಿ ಆ ರಾಜನೊಬ್ಬ ನನಗೆ ಕೊನೆಗೂ ನೆನಪಾಗಲಿಲ್ಲ.

ಹುಳದ ಕೆಲಸದವರಿಗೆ ಹೊಗೆಸೊಪ್ಪು ಕಂಡರಾಗದು. ಅದರ ಗಾಳಿ ಸೋಕಿದರೂ ಹುಳು ಹಸಿರು ಕಕ್ಕಿ ಸಾಯುತ್ತವೆ. ಮೊಟ್ಟೆ ಮನೆಯ ಗೇಟಿನ ಹತ್ತಿರ ಯಾರಾದರೂ ಬೀಡಿ ಹಚ್ಚಿದರೆ ನಮ್ಮ ಯಜಮಾನರು ಪೊರಕೆ ಹಿಡಿದು ಬರುತ್ತಿದ್ದರು. ಹನೂರಿನ ದಾರಿಯಲ್ಲಿ ಕಾಮಗೆರೆಯ ಟೀ ಅಂಗಡಿ ಮುಂದೆ ನಾನು ಎರಡು ಸಲ ಬೆಲ್ ಹೊಡೆದರೆ ಸಾಕು, ಒಳಗಿಂದ ಯಾರಾದರೊಬ್ಬರು ಕೂಗುವರು: "ಮೊಟ್ಟೆ ಸೈಕಲ್ ಬತ್ತಾ ಅದೆ, ಬೀಡಿ ಆರ್‍ಸ್ರೋ!" ಬೆಂಚಿನ ಮೇಲೆ ಕೂತವರೆಲ್ಲ ಬೀಡಿಯನ್ನು ಕಾಲಡಿಗೆ ಹಾಕಿ ತುಳಿಯುವರು. ಅವರಲ್ಲಿ ಹುಳು ಸಾಕುವವರೂ ಇದ್ದರು, ಸಾಕದವರೂ ಇದ್ದರು. ಹರಕು ಶರ್ಟಿನ ನನಗೆ ಆ ಒಂದು ಗಳಿಗೆ ದಿವಾನರ ಸವಾರಿಯ ಮರ್ಯಾದೆ.

ನಾನು ಎರಡನೇ ಬಿ.ಎ.ಯಲ್ಲಿದ್ದಾಗ ಯಜಮಾನರು ಒಂದು ಹಳೇ ವ್ಯಾನು ಕೊಂಡರು. ನನ್ನನ್ನು ಕರೆದು, "ಇನ್ಮೇಲೆ ಸೈಕಲ್ ಸಾಕು ಕಣ್ಲಾ. ವ್ಯಾನಲ್ಲಿ ಓಗು, ಇಳಿಸ್ಕೊಡು" ಅಂದರು.

"ವಾಪಸ್ ಎಷ್ಟೊತ್ತಿಗೆ ಯಜಮಾನ್ರೇ?"

"ಹನೂರು, ಅಲ್ಲಿಂದಾಚೆ ಹಳ್ಳಿಗಳು ಎಲ್ಲಾ ಸುತ್ಕಂಡು ಬರೋದು. ಸಂಜೆ ಆಯ್ತದೆ."

"ಕಾಲೇಜು?"

"ಇಷ್ಟು ಓದಿದ್ದು ಸಾಲ್ದಾ? ನಿಮ್ಮಪ್ಪ ಯಾವ ಕಾಲೇಜಿಗೆ ಓಗಿದ್ದ?"

ನಾನು ಬೇಡಿಕೊಂಡೆ. ಕೊನೆಗೆ ಒಂದು ಒಪ್ಪಂದವಾಯಿತು. ಸೈಕಲ್ಲನ್ನು ವ್ಯಾನಿನ ಮೇಲೆ ಕಟ್ಟಿಕೊಂಡು ಹೋಗಬಹುದು, ಹನೂರಿನಲ್ಲಿ ಇಳಿಸಿದ ಮೇಲೆ ನಾನು ತುಳಿದುಕೊಂಡು ವಾಪಸಾಗಬಹುದು. ಅದೂ ಒಂದು ತಿಂಗಳ ಮಟ್ಟಿಗೆ. ಆಮೇಲೆ ಇಡೀ ದಿನ ವ್ಯಾನು, ಇಲ್ಲದಿದ್ದರೆ ಮನೆ.

ಮೊದಲ ದಿನ ಶುಕ್ರವಾರ. ಐದಕ್ಕೆ ಹೊರಡಬೇಕಾದ ವ್ಯಾನು ಆರು ದಾಟಿದರೂ ಹೊರಡಲಿಲ್ಲ. ಬೇರೆಯವರ ಮೂಟೆಯೂ ಬರಬೇಕಂತೆ. ಖಾಲಿ ವ್ಯಾನು ಓಡಿಸಿದರೆ ಪೆಟ್ರೋಲಿಗೆ ಆಗೋದಿಲ್ಲವಂತೆ. ಅಷ್ಟರಲ್ಲಿ ಯಜಮಾನರು ಪೂಜೆ ಮಾಡಿಸಿದರು. ಡ್ರೈವರಣ್ಣ ವ್ಯಾನಿನ ಒಳಗೆಲ್ಲ ಸಾಂಬ್ರಾಣಿ ಹೊಗೆ ಹಾಕಿದ. ನಾನು ಗಂಟನ್ನು ಮಂಕರಿಯಲ್ಲಿಟ್ಟು, ಮೇಲೆ ಒದ್ದೆ ಟವೆಲ್ ಮುಚ್ಚಿ, ಗೋಣಿತಾಟಿನ ಮೇಲೆ ಪಕ್ಕದಲ್ಲೇ ಕೂತೆ.

"ಏನ್ಲಾ ಕಾಲೇಜು, ಮೊಟ್ಟೆಗೆ ಕಾವು ಕೊಡ್ತಿದ್ದೀಯಾ?" ಅಂತ ಡ್ರೈವರಣ್ಣ ಮುಂದಿನಿಂದ ನಕ್ಕ.

ವ್ಯಾನು ಹೊರಟಿತು. ತಗಡು ಬಿಸಿಯಾಗತೊಡಗಿತು. ಕಾಮಗೆರೆ ಇನ್ನೇನು ಬಂತು ಅನ್ನುವಾಗ ನನಗೆ ಸೀನು ಬಂತು. ಒಂದು, ಎರಡು, ನಾಲ್ಕು. ಸಾಂಬ್ರಾಣಿ ಆರಿಹೋಗಿ ಅದರ ಕೆಳಗಿನಿಂದ ಇನ್ನೊಂದು ವಾಸನೆ ಮೇಲೇಳುತ್ತಿತ್ತು. ತಾಟು ಎತ್ತಿ ನೋಡಿದೆ. ಹಲಗೆಯ ಸಂದಿಗಳ ತುಂಬ ಹೊಗೆಸೊಪ್ಪಿನ ಪುಡಿ.

ನಿಜ ಹೇಳಿಬಿಡುತ್ತೇನೆ. ಒಂದು ಫರ್ಲಾಂಗಿನಷ್ಟು ದೂರ ನಾನು ಸುಮ್ಮನೆ ಕೂತಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ವ್ಯಾನು ತಾನಾಗೇ ಸೋಲುತ್ತದೆ, ನನ್ನ ಸೈಕಲ್ಲು ಉಳಿಯುತ್ತದೆ, ಕಾಲೇಜು ಉಳಿಯುತ್ತದೆ ಅನ್ನೋದು ತಲೆಗೆ ಬಂದಿತ್ತು. ಬೆಳಗಿನ ಬಿಸಿಲು ಮುಂದಿನ ಕಿಂಡಿಯಿಂದ ಒಳಗೆ ಬಿದ್ದು, ಆ ಪುಡಿ ಚಿನ್ನದ ದೂಳಿನ ಹಾಗೆ ಗಾಳಿಯಲ್ಲಿ ಆಡುತ್ತಿತ್ತು. ನೋಡೋದಕ್ಕೆ ಬಹಳ ಚೆನ್ನಾಗಿತ್ತು. ಅದು ನಿಧಾನವಾಗಿ ಒದ್ದೆ ಟವೆಲ್ಲಿನ ಮೇಲೆ ಇಳಿಯೋದನ್ನು ಕಂಡಾಗ ಎಚ್ಚರವಾದವನ ಹಾಗೆ ತಗಡು ಬಡಿದೆ.

"ನಿಲ್ಸಣ್ಣ! ನಿಲ್ಸು!"

ಟೀ ಅಂಗಡಿ ಮುಂದೆಯೇ ವ್ಯಾನು ನಿಂತಿತು. ಡ್ರೈವರಣ್ಣ ಹಿಂದಕ್ಕೆ ಬಂದು ಬಗ್ಗಿ ನೋಡಿ, ಹಣೆಗೆ ಕೈಯಿಟ್ಟುಕೊಂಡ. "ನೆನ್ನೆ ಸಂತೆಗೆ ನಾಕು ಕಟ್ಟು ಹೊಗೆಸೊಪ್ಪು ತಕಂಡೋಗಿದ್ದೆ ಕಣ್ಲಾ. ಗುಡಿಸಿದ್ನಲ್ಲ! ಸಾಂಬ್ರಾಣಿ ಹಾಕುದ್ನಲ್ಲ!"

"ಸಾಂಬ್ರಾಣಿ ನಮ್ ಮೂಗಿಗಣ್ಣ. ಹುಳಕ್ಕಲ್ಲ."

ಅವನು ಮೇಲೆ ಹತ್ತಿ ಸೈಕಲ್ ಇಳಿಸಿಕೊಟ್ಟ. ನಾನು ಪುಡಿ ಬಿದ್ದಿದ್ದ ಟವೆಲ್ ಎಸೆದು, ಕೈ ತೊಳೆದು, ಉಟ್ಟಿದ್ದ ಪಂಚೆಯ ಒಂದು ಅಂಚು ಹರಿದು ನೀರಲ್ಲಿ ನೆನೆಸಿ ಗಂಟಿಗೆ ಸುತ್ತಿದೆ. ತಿರುಗಿ ನೋಡಿದರೆ, ವ್ಯಾನು ಬಂದಾಗ ಹಾಗೇ ಬೀಡಿ ಎಳೆಯುತ್ತಿದ್ದ ಬೆಂಚಿನವರೆಲ್ಲ ಕಪ್ಪು ಬಟ್ಟೆ ಕಂಡ ಕೂಡಲೇ ಬೀಡಿ ತುಳಿದು ಎದ್ದು ನಿಂತಿದ್ದರು. ನಾನು ಬೆಲ್ಲನ್ನೂ ಹೊಡೆದಿರಲಿಲ್ಲ.

ಹನೂರಿನಲ್ಲಿ ಆ ಮೊಟ್ಟೆ ತೆಗೆದುಕೊಳ್ಳಬೇಕಾಗಿದ್ದವಳು ಒಬ್ಬ ಹೆಂಗಸು. ನಮ್ಮವ್ವನ ವಯಸ್ಸು, ಒಂಟಿಯಾಗಿ ಹುಳು ಸಾಕುತ್ತಿದ್ದಳು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬೀದಿಯಲ್ಲೇ ನಿಂತಿದ್ದಳು.

"ಬಿಸ್ಲು ಏರ್‍ತು ಕನ ಮಗ. ಎಲ್ ಮಲ್ಗಿದ್ದೆ?"

ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಹೊಗೆಸೊಪ್ಪಿನ ಗಾಳಿ ತಗುಲಿರಬಹುದು ಅಂದೆ. ಅವಳು ಬೈಯಲಿಲ್ಲ. ಬಾಗಿಲ ಬಳಿ ನನ್ನ ಕಾಲಿಗೆ ನೀರು ಹುಯ್ದು, "ಒಳೀಕ್ ಬಾ. ಹುಟ್ತವಾ ಇಲ್ವಾ ಅಂತ ನೋಡ್ಕಂಡೇ ಓಗು" ಅಂದಳು. ಆಗ ಹೊರಟರೆ ಹತ್ತರ ಕ್ಲಾಸಿಗೆ ಓಡಿ ಸೇರಬಹುದಿತ್ತು. ಆದರೆ ಅವಳೊಬ್ಬಳನ್ನೇ ಆ ಹಾಳೆಗಳ ಮುಂದೆ ಬಿಟ್ಟು ಹೋಗೋದಕ್ಕೆ ಕಾಲು ಬರಲಿಲ್ಲ. ಒಳಗೆ ಹೋದೆ.

ಹುಳದ ಮನೆ ತಣ್ಣಗೆ, ಸಗಣಿ ಸಾರಿಸಿದ ವಾಸನೆಯಲ್ಲಿ ಮುಳುಗಿತ್ತು. ಅವಳು ಕಪ್ಪು ಬಟ್ಟೆ ಬಿಚ್ಚಿ, ಹಾಳೆಗಳನ್ನು ತಟ್ಟೆಯ ಮೇಲೆ ಹರಡಿ, ಕಿಟಕಿಯ ಗೋಣಿ ಸರಿಸಿದಳು. ಬೆಳಕು ಹಾಲಿನ ಹಾಗೆ ಒಳಗೆ ಬಂತು. ನಾವಿಬ್ಬರೂ ಕುಕ್ಕರುಗಾಲಲ್ಲಿ ಕೂತೆವು. ಬಹಳ ಹೊತ್ತು ಏನೂ ಇಲ್ಲ. ತಣ್ಣನೆಯ ಗೋಡೆಗೆ ಒರಗಿ ನನಗೆ ಮಂಪರು ಬಂದಿತ್ತು. ಹುಣಸೇಮರಗಳು ಒಂದೊಂದಾಗಿ ಹಿಂದಕ್ಕೆ ಹೋಗುತ್ತಿದ್ದವು, ಒಬ್ಬ ರಾಜನೂ ಕುದುರೆಯಿಂದ ಇಳಿಯುತ್ತಿರಲಿಲ್ಲ.

"ಮಗ," ಅಂದಳು ಮೆಲ್ಲಗೆ. "ನೋಡು."

ಕಣ್ಣು ಬಿಟ್ಟೆ. ಒಂದು ಮೊಟ್ಟೆಯ ಮೇಲೆ ಕೂದಲಿನ ಚೂರಿನಷ್ಟು ಕಪ್ಪು. ಅದು ಮಿಸುಕಿತು. ಅದರ ಪಕ್ಕ ಇನ್ನೊಂದು. ಆಮೇಲೆ ಇಡೀ ಹಾಳೆ ಉಸಿರಾಡಿದ ಹಾಗೆ ಅಲುಗಿ, ಬಿಳಿ ಜಾಗವೆಲ್ಲ ಮೆಲ್ಲಮೆಲ್ಲನೆ ಕಪ್ಪಾಗುತ್ತಾ ಬಂತು. ಅವಳು ಎಳೇ ಹಿಪ್ಪುನೇರಳೆ ಸೊಪ್ಪನ್ನು ದಾರದಷ್ಟು ಸಣ್ಣಗೆ ಹೆಚ್ಚಿ ಮೇಲೆ ಉದುರಿಸಿದಳು. ಹುಳುಗಳು ಎಲೆ ಹತ್ತಿದವು. ಒಂದೂ ಹಸಿರು ಕಕ್ಕಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಬೇರೆ ಕಡೆ ನೋಡಿದೆ.

ಅಷ್ಟರಲ್ಲಿ ಡ್ರೈವರಣ್ಣ ವ್ಯಾನನ್ನು ದೂರದಲ್ಲೇ ನಿಲ್ಲಿಸಿ ನಡೆದುಕೊಂಡು ಬಂದ. ಅವಳು ಹೊಸಿಲು ದಾಟಿ ಹೋಗಿ ಅವನಿಗೆ ಹೇಳಿದಳು: "ನಿಮ್ ಯಜಮಾನ್ರಿಗೆ ಹೇಳಪ್ಪ. ನನ್ ಮೊಟ್ಟೆ ಸೈಕಲ್‌ನಲ್ಲಿ ಬಂದ್ರೆ ಬರ್ಲಿ, ಇಲ್ದಿದ್ರೆ ನಾನೇ ನಡ್ಕಂಡ್ ಬಂದು ತಕಂಡೋಯ್ತೀನಿ."

ಅವನು ಆ ಮಾತನ್ನು ಒಂದಕ್ಷರ ಬಿಡದೆ ಯಜಮಾನರಿಗೆ ಒಪ್ಪಿಸಿದ. ತಾನು ಹೊಗೆಸೊಪ್ಪು ಸಾಗಿಸಿದ್ದನ್ನೂ ಹೇಳಿದ. ಅದನ್ನು ಹೇಳಬೇಕಾದ ದರ್ದು ಅವನಿಗಿರಲಿಲ್ಲ. ಸಂಜೆ ನಾನು ಹೊರಡುವಾಗ ಯಜಮಾನರು ಮುಖ ಆ ಕಡೆ ಮಾಡಿಕೊಂಡೇ, "ನಾಳೆ ಯಳಂದೂರಿಂದು. ಹಿಂದ್ಗಡೆ ಚಕ್ರುಕ್ಕೆ ಗಾಳಿ ಹೊಡಿ" ಅಂದರು. ವ್ಯಾನು ಆಮೇಲೂ ಓಡಿತು, ಈರುಳ್ಳಿ, ಸೀಮೆಣ್ಣೆ, ಹೊಗೆಸೊಪ್ಪು ಹೊತ್ತುಕೊಂಡು. ಅದರ ಕೆಲಸ ಅದು ಚೆನ್ನಾಗಿಯೇ ಮಾಡಿತು. ಮೊಟ್ಟೆ ಮಾತ್ರ ನಾನು ಬಿ.ಎ. ಮುಗಿಸುವವರೆಗೂ ನನ್ನ ಕ್ಯಾರಿಯರ್ ಮೇಲೇ ಇತ್ತು.

ಮಾರನೇ ದಿನ ಯಳಂದೂರಿನಿಂದ ನೇರ ಕ್ಲಾಸಿಗೆ ಹೋದೆ. ಪಂಚೆಗೆ ಒಂದು ಅಂಚಿರಲಿಲ್ಲ, ಕಾಲು ಮಂಜಿನಲ್ಲಿ ಒದ್ದೆಯಾಗಿತ್ತು. ಹಾಜರಿ ಕೂಗುತ್ತಿದ್ದ ಚರಿತ್ರೆಯ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು.

"ನಿನ್ನೆ ಎಲ್ಲಿ ಹೋಗಿದ್ದೆಯಪ್ಪ?"

"ಹನೂರಿಗೆ ಸಾ. ಹುಳು ಹುಟ್ಟೋದು ನೋಡೋಕೆ."

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಮೇಷ್ಟ್ರು, "ಇವತ್ತು ಬಂದೆಯಲ್ಲ, ಕೂತ್ಕೊ" ಅಂದರು. ಕೂತೆ.