ಲೆಫ್ಕಾಡಾದಿಂದ ಹೊರಡಬೇಕಿದ್ದ ದೋಣಿ

ನನ್ನ ಹೆಂಡತಿ ಹಾಯಿದೋಣಿ ನಡೆಸಲು ಕಲಿತದ್ದು ಐವತ್ತು ದಾಟಿದ ಮೇಲೆ. ಅವಳು ಕುಮಟಾದವಳು. ತವರಿನ ಜಗಲಿಯಲ್ಲಿ ಕೂತರೆ ಸಮುದ್ರದ ಸದ್ದು ಕೇಳುತ್ತಿತ್ತಂತೆ. ಆದರೆ ಹೆಣ್ಣುಮಕ್ಕಳನ್ನು ದೋಣಿ ಹತ್ತಿಸುವ ಯೋಚನೆ ಆ ಮನೆಯಲ್ಲಿ ಯಾರಿಗೂ ಬಂದದ್ದಿಲ್ಲ. ನಾನು ದಾವಣಗೆರೆಯವನು. ನನಗೆ ನೀರೆಂದರೆ ನಲ್ಲಿಯಲ್ಲಿ ಬರುವುದು. ಅವಳು ದಕ್ಷಿಣ ಮ್ಯಾಂಚೆಸ್ಟರಿನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ನಾನು ಬರ್ಚ್‌ವುಡ್ಡಿನ ಒಂದು ಆಫೀಸಿನಲ್ಲಿ ಅಣುಸ್ಥಾವರದ ಪೈಪುಗಳು ಎಷ್ಟು ನಡುಗುತ್ತವೆ ಎಂದು ನೋಡುವ ಇಂಜಿನಿಯರ್. ಮನೆ ವಿದನ್‌ಶಾದಲ್ಲಿ. ವಿಮಾನಗಳು ಚಕ್ರ ಇಳಿಸಿಕೊಂಡು ನಮ್ಮ ಹಿತ್ತಲಿನ ಮೇಲೇ ಹಾದುಹೋಗುತ್ತಿದ್ದವು. ಎಷ್ಟೋ ವರ್ಷಗಳಿಂದ ಆ ಸದ್ದು ನಮ್ಮ ಕಿವಿಗೆ ಬೀಳುವುದೇ ನಿಂತಿತ್ತು.

ಲಾಕ್‌ಡೌನ್ ಮುಗಿದ ಮೇಲೆ ಅವಳ ಕ್ಲಿನಿಕ್ಕಿನವರೆಲ್ಲ ಒಂದು ದಿನ ಬೆಟ್ಟದ ನಡುವಿನ ಜಲಾಶಯವೊಂದಕ್ಕೆ ಹೋಗಿದ್ದರು. ಅಲ್ಲಿ ಚಿಕ್ಕ ಹಾಯಿದೋಣಿಗಳಲ್ಲಿ ಕೂರಿಸುತ್ತಾರೆ. ಸಂಜೆ ಮನೆಗೆ ಬಂದವಳ ಕೂದಲು ಒದ್ದೆ, ಮೂಗು ಕೆಂಪು. ಕೋಟು ಕೂಡ ತೆಗೆಯದೆ ಅಡುಗೆಮನೆಯ ಬಾಗಿಲಲ್ಲೇ ನಿಂತು, "ಗಾಳಿ ಕೈಗೆ ಸಿಗ್ತದೆ ಮಾರಾಯ್ರೆ!" ಎಂದಳು. "ಹಗ್ಗ ಹಿಡ್ಕೊಂಡ್ರೆ ಅದು ಎಳೀತದೆ, ಗೊತ್ತಾಗ್ತದೆ. ನಾನು ಇಷ್ಟು ವರ್ಷ ಎಂತ ಮಾಡ್ತಿದ್ದೆ?"

ಆಮೇಲೆ ವಾರದ ರಜೆಯೆಲ್ಲ ಆ ಜಲಾಶಯಕ್ಕೇ ಹೋಯಿತು. ವೇಲ್ಸ್ ಕರಾವಳಿಗೆ ಹೋಗಿ, ಅರ್ಧ ವಯಸ್ಸಿನ ಹುಡುಗರ ಜೊತೆ ಕೂತು ಪಾಠ ಕಲಿತು, ದೋಣಿ ಬಾಡಿಗೆಗೆ ಪಡೆದು ತಾನೇ ನಡೆಸಬಹುದಾದ ಸ್ಕಿಪ್ಪರ್ ಪರೀಕ್ಷೆ ಪಾಸು ಮಾಡಿದಳು. ನನ್ನನ್ನೂ ಬಿಡಲಿಲ್ಲ. ನಾನು ಅವಳು ಹೇಳಿದ ಹಗ್ಗ ಎಳೆಯುವ, ಹೇಳಿದಾಗ ಲಂಗರು ಬಿಡುವ ಆಳಾದೆ. ಐರಿಷ್ ಸಮುದ್ರದಲ್ಲಿ ಎರಡು ಸಲ ವಾಂತಿ ಮಾಡಿಕೊಂಡೆ. ಅವಳು ಬೆನ್ನು ಸವರುತ್ತಾ, "ಗ್ರೀಸಿನಲ್ಲಿ ಹೀಗೆ ಆಗೂದಿಲ್ಲ, ಅಲ್ಲಿ ನೀರು ತಟ್ಟೆ ಹಾಗೆ ಇರ್ತದೆ" ಎಂದಳು.

ಗ್ರೀಸ್ ಎಂಬ ಮಾತು ನಮ್ಮ ಮನೆಗೆ ಬಂದದ್ದು ಹಾಗೆ. ಅವಳು ಬಹಳ ಓದಿ, ಕೇಳಿ, ಅಯೋನಿಯನ್ ದ್ವೀಪಗಳನ್ನು ಆರಿಸಿದಳು. ಗ್ರೀಸಿನ ಪೂರ್ವಕ್ಕಿರುವ ಸಮುದ್ರದಲ್ಲಿ ಬೇಸಿಗೆಯ ಗಾಳಿ ಒರಟಂತೆ, ಹೊಸಬರಿಗೆ ಆಗುವುದಿಲ್ಲವಂತೆ. ಇಲ್ಲಿ ಬೆಳಿಗ್ಗೆ ಎಲೆಯೂ ಅಲ್ಲಾಡುವುದಿಲ್ಲ, ಮಧ್ಯಾಹ್ನ ವಾಯವ್ಯದಿಂದ ಹದವಾದ ಗಾಳಿ ಏಳುತ್ತದೆ, ಸಂಜೆ ಬಿದ್ದುಹೋಗುತ್ತದೆ. ಲೆಫ್ಕಾಡಾದಿಂದ ಹೊರಟು ಮೆಗನೀಸಿ, ಅಲ್ಲಿಂದ ಇಥಾಕಾ, ಆಮೇಲೆ ಕೆಫಲೋನಿಯಾದ ಉತ್ತರದ ತುದಿ, ತಿರುಗಿ ಲೆಫ್ಕಾಡಾ. ಊಟದ ಮೇಜಿನ ಮೇಲೆ ಸಮುದ್ರದ ನಕ್ಷೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಉಪ್ಪಿನಕಾಯಿ ಬಾಟಲಿ ಇಟ್ಟು, ಅವಳು ಪಾಠ ಹೇಳುತ್ತಿದ್ದಳು. ಅಲ್ಲಿ ಬಂದರುಗಳಲ್ಲಿ ದೋಣಿಯನ್ನು ಹಿಮ್ಮುಖವಾಗಿ ತಂದು ಕಟ್ಟಬೇಕು. ದೂರದಲ್ಲೇ ಲಂಗರು ಇಳಿಸಿ, ಸರಪಳಿ ಬಿಡುತ್ತ ಬಿಡುತ್ತ ಹಿಂದೆ ಬರಬೇಕು. "ಆಗ ನೀವು ಗಾಬರಿ ಬಿದ್ರೆ ಎಲ್ಲರೂ ಹೋಟೆಲಿನಲ್ಲಿ ಕೂತು ನಮ್ಮನ್ನೇ ನೋಡ್ತಾರೆ" ಎಂದು ನಗುತ್ತಿದ್ದಳು. ನಾನು ಹಜಾರದಲ್ಲಿ ಹಿಂದಕ್ಕೆ ನಡೆಯುತ್ತಾ, ಕೈಯಲ್ಲಿಲ್ಲದ ಸರಪಳಿಯನ್ನು ಬಿಟ್ಟು ಬಿಟ್ಟು ಅಭ್ಯಾಸ ಮಾಡಿದೆ.

ಆ ವರ್ಷದ ಶರತ್ಕಾಲದಲ್ಲಿ ಜಲಾಶಯದಲ್ಲಿ ಇಬ್ಬರೇ ಇದ್ದೆವು. ಗಾಳಿ ಜೋರೇನೂ ಇರಲಿಲ್ಲ. ಅವಳು ಚುಕ್ಕಾಣಿಯನ್ನು ತಪ್ಪು ಕಡೆಗೆ ತಳ್ಳಿದಳು, ಹಾಯಿಯ ಅಡ್ಡಗಂಬ ಬಂದು ನನ್ನ ತಲೆಗೆ ಬಡಿಯಿತು. ಇಬ್ಬರೂ ನಕ್ಕೆವು. ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ಹಾಯಿ ಪಟಪಟ ಹೊಡೆದುಕೊಳ್ಳುತ್ತಿದೆ, ಅವಳು ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಾಳೆ.

"ಎಳಿ ಅದನ್ನ" ಎಂದೆ.

"ಇದನ್ನಾ?" ಎಂದು ಹಗ್ಗ ಎತ್ತಿ ತೋರಿಸಿದಳು. "ಇದು ಎಂತಕ್ಕೆ?"

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಮುಖ ನೋಡಿದ ಮೇಲೆ ತಮಾಷೆಯಲ್ಲ ಎಂದು ತಿಳಿಯಿತು. ಕೊನೆಗೆ ಕ್ಲಬ್ಬಿನವರ ಮೋಟಾರ್ ದೋಣಿ ಬಂದು ನಮ್ಮನ್ನು ಎಳೆದುಕೊಂಡು ದಡ ಸೇರಿಸಿತು.

ಕಾರಿನಲ್ಲಿ ಕೂತ ಮೇಲೆ ಅವಳು ಸೀಟ್‌ಬೆಲ್ಟ್ ಹಾಕಿಕೊಳ್ಳಲಿಲ್ಲ. ಗಾಜಿನ ಆಚೆ ನೋಡುತ್ತಾ ರೋಗಿಗೆ ಹೇಳುವ ದನಿಯಲ್ಲೇ ಹೇಳಿದಳು: "ಇದು ಎಂತದು ಅಂತ ನನಗೆ ಗೊತ್ತುಂಟು ರೀ. ಆರು ತಿಂಗಳಿಂದ ಗೊತ್ತುಂಟು. ಒಬ್ಬರಿಗೆ ಅದೇ ಮಾತ್ರೆ ಮತ್ತೊಮ್ಮೆ ಬರೆದೆ, ಕಂಪ್ಯೂಟರು ತಡೀತು. ಆಮೇಲಿಂದ ನಾನು ಬರೆದದ್ದೆಲ್ಲ ಜೊತೆಯ ಡಾಕ್ಟರೊಬ್ಬರಿಗೆ ತೋರಿಸಿಯೇ ಕಳಿಸ್ತಿದ್ದೆ. ನಾಳೆ ಹೋಗಿ ಕೆಲಸ ಬಿಡ್ತೇನೆ ಅಂತ ಹೇಳ್ತೇನೆ."

"ಸುಸ್ತಿರ್ಬೇಕು. ಡ್ಯೂಟಿ ಹಾಗಿದೆ ನಿಂದು."

"ಸುಸ್ತಲ್ಲ" ಎಂದಳು.

ಮೆಮೊರಿ ಕ್ಲಿನಿಕ್ಕಿನಲ್ಲಿ ಮೊದಲ ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ಅಂಕ ಬಂತು. ನನಗೆ ಜೀವ ಬಂದ ಹಾಗಾಯಿತು. ಆಗ ಅವಳೇ ಆ ವೈದ್ಯೆಗೆ, "ಇದು ಲೆಕ್ಕಕ್ಕಿಲ್ಲ, ಈ ಪ್ರಶ್ನೆಗಳನ್ನು ನಾನೇ ಇಪ್ಪತ್ತು ವರ್ಷ ಬೇರೆಯವರಿಗೆ ಕೇಳಿದ್ದೇನೆ, ನನಗೆ ಬಾಯಿಪಾಠ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವರು ಬೇರೆ ಪ್ರಶ್ನೆಗಳನ್ನು ತಂದರು. ಅವಳಿಗೆ ಗಡಿಯಾರದ ಮುಖ ಬರೆಯಲು ಬಂತು, ಮುಳ್ಳುಗಳನ್ನು ಎಲ್ಲಿ ಹಾಕಬೇಕೆಂದು ಬರಲಿಲ್ಲ. ಪೆನ್ಸಿಲ್ ಹಿಡಿದುಕೊಂಡು ಬಹಳ ಹೊತ್ತು ಕೂತಳು. ನಾನು ನನ್ನ ಕೈ ಗಡಿಯಾರವನ್ನು ಅಂಗಿಯ ತೋಳಿನೊಳಗೆ ಸರಿಸಿಕೊಂಡೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು.

ಸ್ಕ್ಯಾನ್ ಎಲ್ಲ ಮುಗಿದು ಕಾಯಿಲೆಯ ಹೆಸರು ಹೇಳಿದ ದಿನ ಅವಳು ಆ ವೈದ್ಯೆಗೆ ಥ್ಯಾಂಕ್ಸ್ ಹೇಳಿ, ನಿಮಗೆ ಇವತ್ತು ರೋಗಿಗಳು ಬಹಳ ಇರಬೇಕು ಪಾಪ, ಎಂದು ವಿಚಾರಿಸಿ ಹೊರಗೆ ಬಂದಳು. ಕಾರ್ ಪಾರ್ಕಿನಲ್ಲಿ ನನ್ನ ತೋಳು ಗಟ್ಟಿಯಾಗಿ ಹಿಡಿದಳು.

"ಗ್ರೀಸ್ ಬಿಡ್ಬೇಡಿ" ಎಂದಳು. "ಅದೊಂದು ಬಿಡ್ಬೇಡಿ."

ಬಿಡಲಿಲ್ಲ. ಅವಳು ಸ್ಕಿಪ್ಪರ್ ಆಗುವುದು ಆಗದ ಮಾತು, ಅದು ಅವಳಿಗೇ ಗೊತ್ತಿತ್ತು. ಲೆಫ್ಕಾಡಾದಲ್ಲಿ ಒಬ್ಬ ಗ್ರೀಕ್ ಸ್ಕಿಪ್ಪರನ್ನು ಗೊತ್ತು ಮಾಡಿದೆ. ವಯಸ್ಸಾದ ಮನುಷ್ಯ. ಫೋನಿನಲ್ಲಿ ಎಲ್ಲ ಹೇಳಿದೆ. ನಿಧಾನ ಹೋಗೋಣ, ದಿನಕ್ಕೆ ಒಂದೇ ಕೊಲ್ಲಿ ಸಾಕು, ಅಮ್ಮನವರು ಚುಕ್ಕಾಣಿ ಮೇಲೆ ಕೈ ಇಟ್ಟುಕೊಂಡಿರಲಿ, ನಾನು ಪಕ್ಕದಲ್ಲಿರುತ್ತೇನೆ ಎಂದು ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದ.

ಲೀಡ್ಸಿನಲ್ಲಿರುವ ಮಗಳು ಶನಿವಾರ ಬಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಅಮ್ಮ ನೀರಿಗೆ ಬಿದ್ದರೆ ಏನು ಮಾಡುತ್ತೀ ಎಂದು ಕೇಳಿದಳು.

"ಲೈಫ್ ಜಾಕೆಟ್ ಇರುತ್ತೆ."

"ಅವಳು ಅದನ್ನು ಬಿಚ್ಚಿ ಹಾಕಿದರೆ? ಮೊನ್ನೆ ಬಸ್ಸಿನಲ್ಲಿ ಚಪ್ಪಲಿ ಬಿಚ್ಚಿಟ್ಟು ಇಳಿದಳು ಎಂದು ನೀನೇ ಹೇಳಿದೆ. ಅಪ್ಪಾ, ಇದು ಯಾರಿಗೋಸ್ಕರ?"

ಅಷ್ಟರಲ್ಲಿ ಬಾಗಿಲು ತೆರೆಯಿತು. ಹೆಂಡತಿ ನಿಂತಿದ್ದಳು. "ನಾನು ಇಲ್ಲೇ ಇದ್ದೇನಲ್ಲ ಮಗಾ" ಎಂದಳು. "ನನ್ನ ಹತ್ರವೇ ಕೇಳು." ಮಗಳು ಅವಳನ್ನು ತಬ್ಬಿಕೊಂಡು ಅತ್ತಳು.

ಆ ಚಳಿಗಾಲ ನಾವು ಆ ಪ್ರವಾಸವನ್ನು ದಿನವೂ ಮೊದಲಿನಿಂದ ಯೋಜಿಸಿದೆವು. ಊಟವಾದ ಕೂಡಲೇ ನಕ್ಷೆ ಹಾಸುತ್ತಿದ್ದಳು. "ಮೊದಲು ಎಲ್ಲಿಂದ ಹೊರಡುದು?" ಲೆಫ್ಕಾಡಾ ಎನ್ನುತ್ತಿದ್ದೆ. "ಹೌದಾ! ಚಂದ ಹೆಸರು." ಹೊಸದಾಗಿ ಕೇಳಿದಂತೆ ಖುಷಿಪಡುತ್ತಿದ್ದಳು. ಇದನ್ನು ಕೇಳಿದವರಿಗೆ ಏನೋ ಮುದ್ದಾದ ಸಂಗತಿ ಅನ್ನಿಸಬಹುದು. ಹಾಗಿರಲಿಲ್ಲ. ಮೆಗನೀಸಿ ತಲುಪುವಷ್ಟರಲ್ಲಿ ಅವಳಿಗೆ ಲೆಫ್ಕಾಡಾ ಮರೆತಿರುತ್ತಿತ್ತು, ಮತ್ತೆ ಹಿಂದಕ್ಕೆ ಬರುತ್ತಿದ್ದೆವು. ಡಿಸೆಂಬರಿನ ಹೊತ್ತಿಗೆ ಇಥಾಕಾ ನಮ್ಮ ಕೈಗೆ ಸಿಗುತ್ತಿರಲಿಲ್ಲ. ಫೆಬ್ರವರಿಯಲ್ಲಿ ಅವಳು ನಕ್ಷೆಯ ನೀಲಿಯನ್ನು ನೆಲವೆಂದೂ ಹಳದಿಯನ್ನು ಸಮುದ್ರವೆಂದೂ ತಿಳಿದಳು. ನಾನು ತಿದ್ದಿದಾಗ, "ನೀವು ಬೈಬೇಡಿ" ಎಂದು ಎದ್ದುಹೋದಳು. ನಾನು ಬೈದಿರಲಿಲ್ಲ. ಆದರೆ ದನಿಯಲ್ಲಿ ಏನಿತ್ತೋ.

ಹೊರಡುವ ದಿನ, ಮೇ ತಿಂಗಳು, ನಾನು ಅವಳ ಬ್ಯಾಗ್ ತೆರೆದು ನೋಡಿದರೆ ತುಂಬ ತಲೆದಿಂಬಿನ ಕವರುಗಳಿದ್ದವು. ಮಡಿಸಿದ್ದು ಮಾತ್ರ ಅಚ್ಚುಕಟ್ಟು. ಅವನ್ನು ತೆಗೆದು ಬಟ್ಟೆ ತುಂಬಿದೆ. ಅವಳ ಮನಸ್ಸು ಅಂದು ತಿಳಿಯಾಗಿತ್ತು. ಟ್ಯಾಕ್ಸಿಯಲ್ಲಿ ನನ್ನ ಕೈ ಹಿಡಿದುಕೊಂಡು, "ಹೋಗ್ವ, ಹೋಗ್ವ" ಎನ್ನುತ್ತಿದ್ದಳು.

ವಿಮಾನ ನಿಲ್ದಾಣದ ಸೆಕ್ಯುರಿಟಿಯಲ್ಲಿ ಸಾಲು ಉದ್ದವಿತ್ತು. ನನ್ನನ್ನು ಮೊದಲು ಬಿಟ್ಟರು. ಅವಳು ಮೈ ಸ್ಕ್ಯಾನ್ ಮಾಡುವ ಗಾಜಿನ ಗೂಡಿನೊಳಗೆ ಹೋಗಿ ಎರಡೂ ಕೈ ಮೇಲೆತ್ತಬೇಕಿತ್ತು. ಅವಳು ಹೋಗಲಿಲ್ಲ. ಅಲ್ಲಿದ್ದ ಹುಡುಗಿ ಮೆದುವಾಗಿಯೇ ಮತ್ತೆ ಹೇಳಿದಳು. ಹಿಂದಿನವರು ಕಾಯುತ್ತಿದ್ದರು. ನಾನು ತಿರುಗಿ ಬಂದು ಅವಳ ಮೊಣಕೈ ಹಿಡಿದೆ. ಆಗ ಅವಳು ಕೂಗಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ. ಈ ಮನುಷ್ಯ ನನ್ನನ್ನು ಎಲ್ಲಿಗೋ ಕರೆದುಕೊಂಡು ಹೋಗುತ್ತಿದ್ದಾನೆ, ನನಗೆ ಹೋಗಲು ಇಷ್ಟವಿಲ್ಲ, ಎಂದು ಸ್ಪಷ್ಟವಾದ ಇಂಗ್ಲಿಷಿನಲ್ಲಿ.

ಇಬ್ಬರು ಪೊಲೀಸರು ಬಂದರು. ಒಬ್ಬಾಕೆ ಅವಳ ಮುಂದೆ ಮಂಡಿಯೂರಿ ಕೂತು, ನನ್ನ ಕಡೆ ತೋರಿಸಿ, ಇವರು ಯಾರೆಂದು ನಿಮಗೆ ಗೊತ್ತೇ ಎಂದು ಕೇಳಿದಳು.

ಹೆಂಡತಿ ನನ್ನನ್ನು ನೋಡಿದಳು. ಅವಸರವಿಲ್ಲದೆ, ಪೂರ್ತಿಯಾಗಿ ನೋಡಿದಳು. "ನೋ" ಎಂದಳು.

ಅವರು ತಮ್ಮ ಕೆಲಸ ಮಾಡಿದರು, ಅದರಲ್ಲಿ ತಪ್ಪಿಲ್ಲ. ನನ್ನನ್ನು ಬೇರೆ ಕೋಣೆಯಲ್ಲಿ ಕೂರಿಸಿದರು, ನೀರು ಕೊಟ್ಟರು, ಪಾಸ್‌ಪೋರ್ಟುಗಳನ್ನು ನೋಡಿದರು. ಲೀಡ್ಸಿನಿಂದ ಮಗಳು ಫೋನಿನಲ್ಲಿ ಮಾತಾಡಿ, ಕಾಯಿಲೆಯ ಹೆಸರು ಹೇಳಿ, ನಾನು ಯಾರೆಂದು ತಿಳಿಸಬೇಕಾಯಿತು. ನಾನು ಯಾರೆಂದು ಮಗಳು ಪೊಲೀಸರಿಗೆ ಹೇಳುತ್ತಿರುವುದನ್ನು ಸ್ಪೀಕರಿನಲ್ಲಿ ಕೇಳುತ್ತಾ ಕೂತಿದ್ದೆ. ಅಷ್ಟರಲ್ಲಿ ವಿಮಾನ ಹೋಗಿತ್ತು.

ಮನೆಗೆ ಬಂದೆವು. ಅವಳು ಟ್ಯಾಕ್ಸಿಯಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಮಾಡಿದಳು. ಒಳಗೆ ಕಾಲಿಟ್ಟ ಕೂಡಲೇ, "ಚಾ ಮಾಡ್ಲಾ ರೀ? ನಿಮ್ಮ ಮುಖ ಸಣ್ಣ ಆಗಿದೆ" ಎಂದಳು. ನಾನು ಮೆಟ್ಟಿಲ ಮೇಲೆ ಕೂತೆ. ಅವಳು ಕೆಟಲಿನಲ್ಲಿ ನೀರಿಲ್ಲದೆ ಸ್ವಿಚ್ ಹಾಕಿದಳು. ಎದ್ದು ಹೋಗಿ ಆರಿಸಿದೆ.

ಸ್ಕಿಪ್ಪರ್ ಎರಡು ಸಲ ಫೋನ್ ಮಾಡಿದ. ಸೆಪ್ಟೆಂಬರಿನಲ್ಲಿ ಬನ್ನಿ, ಆಗ ಜನ ಕಡಿಮೆ, ಸಮುದ್ರ ಬೆಚ್ಚಗಿರುತ್ತದೆ ಎಂದ. ನೋಡೋಣ ಎಂದೆ. ಆ ಬೇಸಿಗೆಯಲ್ಲಿ ಅವಳನ್ನು ಜಲಾಶಯಕ್ಕಾದರೂ ಕರೆದುಕೊಂಡು ಹೋಗೋಣವೆನಿಸಿತು. ಕ್ಲಬ್ಬಿನವರು ಅಗಲವಾದ, ಮಗುಚದ ದೋಣಿಯೊಂದನ್ನು ಸಿದ್ಧಮಾಡಿ, ಇಬ್ಬರು ಜೊತೆಗೆ ಬಂದರು. ಅವಳನ್ನು ದೋಣಿ ಹತ್ತುವ ಹಲಗೆಯ ಕಟ್ಟೆ ದಾಟಿಸುವುದೇ ಆಗಲಿಲ್ಲ. ಹಲಗೆಯ ಸಂದಿಯಲ್ಲಿ ನೀರು ಕಂಡು ನಡುಗಿದಳು. ಒಮ್ಮೆ ಗಾಳಿ ಬೀಸಿ ಹಾಯಿ ಬಡಿದುಕೊಂಡಾಗ ಎರಡೂ ಕಿವಿ ಮುಚ್ಚಿಕೊಂಡಳು. ಕ್ಲಬ್ಬಿನವರು ಹಾಯಿ ಇಳಿಸಿ ಸುತ್ತಿಟ್ಟರು.

ಈಗ ಅವಳು ಒಂದು ಕೇರ್ ಹೋಮಿನಲ್ಲಿದ್ದಾಳೆ. ಮನೆಯಲ್ಲೇ ಇಟ್ಟುಕೊಂಡಿದ್ದೆ. ಆದರೆ ಅವಳು ಮುಂಬಾಗಿಲು ತೆಗೆದು ಮೋಟಾರ್‌ವೇ ಕಡೆ ನಡೆದ ಮೇಲೆ ಮಗಳೂ ನಾನೂ ಸೇರಿ ತೀರ್ಮಾನಿಸಿದೆವು. ನಾನು ಕೆಲಸ ಬಿಟ್ಟೆ. ದಿನಾ ಮಧ್ಯಾಹ್ನ ಹೋಗುತ್ತೇನೆ. ಕೆಲವು ಸಲ ಅವಳು ಕುರ್ಚಿ ತೋರಿಸಿ, ಇಂಗ್ಲಿಷಿನಲ್ಲಿ, ಬನ್ನಿ ಕೂತುಕೊಳ್ಳಿ, ಏನಾಗಿದೆ ಎಂದು ಕೇಳುತ್ತಾಳೆ. ನಾನು ಮೊಣಕಾಲು ನೋವೆಂದೋ ನಿದ್ದೆ ಬರುವುದಿಲ್ಲವೆಂದೋ ಹೇಳುತ್ತೇನೆ. ನಿದ್ದೆಯ ಮಾತು ನಿಜ. ಅವಳು ಗಂಭೀರವಾಗಿ ಕೇಳಿಸಿಕೊಳ್ಳುತ್ತಾಳೆ. ಮದ್ದು ಹೇಳುವ ಹೊತ್ತಿಗೆ ಮಾತು ಎಲ್ಲೋ ತಪ್ಪಿಹೋಗುತ್ತದೆ.

ಕನ್ನಡದವರ ಯುಗಾದಿ ಕೂಟದಲ್ಲಿ ಹಳೆಯ ಗೆಳೆಯರೊಬ್ಬರು, "ಆ ಗ್ರೀಸ್ ಟ್ರಿಪ್ ಏನಾಯ್ತು ಸಾರ್?" ಎಂದು ಕೇಳಿದರು. ಅವರಿಗೆ ಗೊತ್ತಿರಲಿಲ್ಲ. "ಆಗ್ಲಿಲ್ಲ" ಎಂದೆ. "ಹೋಗ್ಬಹುದು ಬಿಡಿ, ದ್ವೀಪಗಳು ಎಲ್ಲಿಗೆ ಹೋಗ್ತಾವೆ" ಎಂದರು. ಮರುದಿನ ಸ್ಕಿಪ್ಪರಿಗೆ ಬರೆದೆ: ನಾವು ಬರುವುದಿಲ್ಲ, ನಮಗಾಗಿ ಕಾಯಬೇಡಿ.

ಅಂದು ಮಧ್ಯಾಹ್ನ ಅವಳ ಪಕ್ಕದಲ್ಲಿ ಕೂತು ಅದನ್ನೇ ಹೇಳಿದೆ. "ಗ್ರೀಸಿಗೆ ಬೇಡ ಅಂತ ಬರೆದ್ಬಿಟ್ಟೆ ಕಣೆ."

"ಯಾರು ಹೋಗುವವರಿದ್ರು?" ಎಂದಳು. ಬಹಳ ದಿನಗಳ ಮೇಲೆ ಪೂರ್ತಿಯಾದ ಒಂದು ಕನ್ನಡ ಮಾತು.

"ನಾವೇ. ದೋಣಿ ಮೇಲೆ."

ಅವಳು ಪರಿಚಯವಿಲ್ಲದವರ ಸುದ್ದಿ ಕೇಳಿದಂತೆ ತಲೆಯಾಡಿಸಿದಳು. "ಪಾಪ" ಎಂದಳು. ಅಷ್ಟರಲ್ಲಿ ಚಹಾದ ಗಾಡಿ ಬಂತು. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಅವಳ ಬಾಯಿಗೆ ಕೊಟ್ಟೆ.