ಖಾಲಿ ಗಾಡಿ ಓಡಿಸಬೇಡಿ ಎಂದಿದ್ದ ಮಿಸ್ತ್ರಿ

ಕಳೆದ ತಿಂಗಳು ಮುಂಬ್ರಾ ಬೈಪಾಸಿನ ಇಳಿಜಾರಿನಲ್ಲಿ ನಮ್ಮ ಬಸ್ಸು ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡಿತ್ತು. ಯಾವುದೋ ಲಾರಿಯ ಬ್ರೇಕ್ ಲೈನರ್ ಸುಟ್ಟ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಕಲ್ಯಾಣದ ಗ್ಯಾರೇಜಿನ ಮಿಸ್ತ್ರಿ ನೆನಪಾದರು. ಜೊತೆಗೆ, ಇಷ್ಟು ವರ್ಷವಾದರೂ ಆರದ ಸಿಟ್ಟು.

ಆಗ ಡೊಂಬಿವಲಿಯಲ್ಲಿ ನಮ್ಮದು ಕೇಟರಿಂಗ್. ಅಪ್ಪ ತೀರಿಕೊಂಡ ಮೇಲೆ ಗಾಡಿ, ಗಿರಾಕಿ ಅಣ್ಣನದು, ಅಡುಗೆಮನೆ ನನ್ನದು. ಅಪ್ಪ ಬಿಟ್ಟುಹೋದ ಪಿಕಪ್ ನನಗಿಂತ ಎರಡೇ ವರ್ಷ ಚಿಕ್ಕದು. ಸಾಂಬಾರಿನ ಹಂಡೆಗಳನ್ನು ಏರಿಸಿದರೆ ಹಿಂದಿನ ಬ್ರೇಕು ಹಿಡಿಯುತ್ತಲೇ ಇರಲಿಲ್ಲ. ಹೊಸ ಗಾಡಿ ಕೊಳ್ಳುವ ತಾಕತ್ತು ನಮಗಿರಲಿಲ್ಲ.

ಮಿಸ್ತ್ರಿ ವಿಜಾಪುರದ ಕಡೆಯವರು. ಕಲ್ಯಾಣದಲ್ಲಿ ತಗಡಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು ಗ್ಯಾರೇಜು ನಡೆಸುತ್ತಿದ್ದರು. ಕಡಿಮೆ ಖರ್ಚಿನ ದಾರಿ ಅವರೇ ಹುಡುಕಿದ್ದು: ಗುಜರಿಗೆ ಬಂದ ದೊಡ್ಡ ಗಾಡಿಯೊಂದರ ಬ್ರೇಕ್ ಡ್ರಮ್ಮುಗಳನ್ನು ನಮ್ಮ ಹಿಂದಿನ ಚಕ್ರಗಳಿಗೆ ಕೂರಿಸುವುದು. ಒಂದೊಂದನ್ನೂ ಬೆಳಕಿಗೆ ಹಿಡಿದು, ಉಗುರಿನಿಂದ ಸವರಿ, ಬಿರುಕಿಲ್ಲವೆಂದು ಖಾತ್ರಿ ಮಾಡಿಕೊಂಡರು. ಲೈನರ್, ರಬ್ಬರು ಎಲ್ಲ ಹೊಸದು. ಅಷ್ಟು ಶ್ರದ್ಧೆಯಿಂದ ನಾನು ಅಕ್ಕಿಯನ್ನೂ ಆರಿಸಿದವಳಲ್ಲ...

ನಾಲ್ಕನೆಯ ದಿನ ಗಾಡಿ ತರಲು ಹೋದವಳು ನಾನು. ಅವರು ಬೀಗದಕೈ ಕೊಡಲಿಲ್ಲ.

"ಅಕ್ಕಾರ, ಕೆಲಸ ಇನ್ನಾ ಮುಗದಿಲ್ಲ. ಹಿಂದಿನ ಬ್ರೇಕ್ ಈಗ ಭಾಳ ಜೋರ ಐತಿ. ಲೋಡ್ ಇದ್ರ ಛಲೋ ನಿಲ್ಲತೈತಿ. ಖಾಲಿ ಇದ್ದಾಗ ಒತ್ತಿದ್ರ ಗಾಲಿ ಜಾಮ್ ಆಗಿ ಗಾಡಿ ಗರ್ರಂತ ತಿರಗತೈತಿ."

ಹಿಂದಿನ ಬ್ರೇಕಿಗೆ ಹೋಗುವ ಒತ್ತಡ ತಗ್ಗಿಸಲು ಒಂದು ವಾಲ್ವ್ ಬೇಕಂತೆ. ಗುಜರಿಯವನೊಬ್ಬ ವಾರದೊಳಗೆ ಕೊಡುತ್ತೇನೆ ಎಂದಿದ್ದನಂತೆ. ಅಲ್ಲಿಯವರೆಗೆ ಗಾಡಿ ಶೆಡ್ಡಿನಲ್ಲೇ ಇರಲಿ ಎಂದರು.

ಮನೆಗೆ ಬಂದು ಅಣ್ಣನಿಗೆ ಒಂದಕ್ಷರ ಬಿಡದೆ ಹೇಳಿದೆ. ಅವನು ನಕ್ಕ. "ಅವನದ್ದು ನಾಟಕ ಮಾರಾಯ್ತಿ. ಬ್ರೇಕ್ ಹಿಡೀತದಲ್ಲ, ಸಾಕು. ನಾಡಿದ್ದು ನೆರೂಳಿನ ಮದುವೆಗೆ ಪಾತ್ರೆ ನಿನ್ನ ತಲೆ ಮೇಲೆ ಹೊರ್ತೀಯಾ?"

ಮರುದಿನ ಮಿಸ್ತ್ರಿ ಅದೇ ವಾಲ್ವ್ ಹುಡುಕಲು ಹೋಗಿದ್ದಾಗ ಅಣ್ಣ ಮನೆಯಲ್ಲಿದ್ದ ಇನ್ನೊಂದು ಬೀಗದಕೈ ಹಾಕಿ ಗಾಡಿ ತಂದ.

ನೆರೂಳಿಗೆ ಹೋಗುವಾಗ ಏನೂ ಆಗಲಿಲ್ಲ. ಮಧ್ಯಾಹ್ನ ಖಾಲಿ ಗಾಡಿಯಲ್ಲಿ ಒಬ್ಬನೇ ಮರಳುವಾಗ ತುಂತುರು ಹನಿಯುತ್ತಿತ್ತು. ಮುಂದಿನ ಟೆಂಪೋ ನಿಂತಿತೆಂದು ಬ್ರೇಕು ಒತ್ತಿದ. ಮಿಸ್ತ್ರಿ ಹೇಳಿದಂತೆಯೇ ಗಾಡಿ ತಿರುಗಿ ರಸ್ತೆಬದಿಯ ಗೋಡೆಗೆ ಬಡಿಯಿತು. ಅಣ್ಣನ ಬಲಗಾಲು ಎರಡು ಕಡೆ ಮುರಿಯಿತು.

ಆಸ್ಪತ್ರೆಯ ಮಂಚದಿಂದ ಅವನು ಬಂದವರಿಗೆಲ್ಲ ಹೇಳಿದ್ದು ಒಂದೇ ಮಾತು: ಗುಜರಿ ಬ್ರೇಕು ಹಾಕಿ ಮಿಸ್ತ್ರಿ ನನ್ನನ್ನು ಕೊಲ್ಲಲು ನೋಡಿದ. ನೆಂಟರು, ಅಣ್ಣನ ಗೆಳೆಯರು ಏಳೆಂಟು ಮಂದಿ ಗ್ಯಾರೇಜಿಗೆ ನುಗ್ಗಿದರು. ನಾನೂ ಹೋಗಿದ್ದೆ. ಸ್ಪ್ಯಾನರು, ಜಾಕು, ಸುತ್ತಿಗೆಗಳನ್ನೆಲ್ಲ ಬೀದಿಗೆ ಎಸೆದರು. ಒಬ್ಬ ಅವರ ಕೊರಳಪಟ್ಟಿ ಹಿಡಿದ.

ಮಿಸ್ತ್ರಿ ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದರು. "ಅಕ್ಕಾರ, ನಾ ನಿಮಗ ಹೇಳಿದ್ದಿಲ್ಲೇನ್ರಿ?"

ಎಲ್ಲರೂ ನನ್ನತ್ತ ತಿರುಗಿದರು.

"ನನಗೆ ನೆನಪಿಲ್ಲ" ಎಂದೆ.

ಆ ವಾರವೇ ಶೆಡ್ಡಿನ ಮಾಲೀಕ ಅವರನ್ನು ಖಾಲಿ ಮಾಡಿಸಿದ.

ಕಳೆದ ತಿಂಗಳು ಬಸ್ಸಿನಲ್ಲಿ ಆ ವಾಸನೆ ಬಂದ ಮರುದಿನ ಕಲ್ಯಾಣಕ್ಕೆ ಹೋದೆ. ಶೆಡ್ಡಿನ ಪಕ್ಕದ ಟೈರ್ ಅಂಗಡಿಯವನು ಮಿಸ್ತ್ರಿಯ ಮನೆ ತೋರಿಸಿದ. ಬಾಗಿಲು ತೆರೆದವಳು ಅವರ ಮಗಳು. ತಂದೆ ತೀರಿಕೊಂಡು ಎರಡು ವರ್ಷವಾಯಿತೆಂದಳು. ಗ್ಯಾರೇಜು ಹೋದ ಮೇಲೆ ಯಾವುದೋ ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಆಗಿದ್ದರಂತೆ. ಮತ್ತೆ ಸ್ಪ್ಯಾನರು ಮುಟ್ಟಲಿಲ್ಲವಂತೆ.

ನಾನು ಯಾರೆಂದು ಹೇಳಿದೆ. ಅಂದು ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವಳು ಹಿಂದಿ, ಕನ್ನಡ ಬೆರೆಸಿ ಮೆಲ್ಲಗೆ ಅಂದಳು: "ಮಾಲೂಮ್ ಹೈ ಆಂಟಿ, ಗೊತ್ತೈತಿ. ಆ ಅಕ್ಕಾ ಒಂದಿನ ಬಂದು ಖರೇ ಹೇಳ್ತಾಳ ಅಂತ ಪಪ್ಪಾ ಹಮೇಶಾ ಹೇಳ್ತಿದ್ರು. ನೀವು ಲೇಟ್ ಮಾಡಿದ್ರಿ."

ಅಲ್ಲಿಂದ ನೇರ ಅಣ್ಣನ ಮನೆಗೆ ಹೋಗಿ, ಅತ್ತಿಗೆ, ಮಕ್ಕಳು ಎಲ್ಲರ ಎದುರು ನಡೆದದ್ದನ್ನು ಹೇಳಿದೆ. ಅಣ್ಣ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಸತ್ತವನಿಗೆ ಈಗ ಅದರಿಂದ ಏನು ಸಿಗ್ಲಿಕ್ಕುಂಟು?" ಎಂದ.

ಆ ಮನೆಯ ಹೊಸ್ತಿಲನ್ನು ಮತ್ತೆ ತುಳಿದಿಲ್ಲ. ಅಣ್ಣನ ಮೇಲಿನ ಸಿಟ್ಟಿಗೆ ಅಷ್ಟಾದರೂ ಮಾಡಬಲ್ಲೆ. ನನ್ನ ಮೇಲಿನ ಸಿಟ್ಟನ್ನು ಎತ್ತಿಕೊಂಡು ಯಾರ ಬಾಗಿಲಿಗೆ ಹೋಗಲಿ... ಕೇಳಬೇಕಾದವರು ಇಲ್ಲ.