ಒಮ್ಮೆ ಬಂದುಹೋದವಳು

ಕಲಘಟಗಿ ಕಡೆಯ ಕಾಡಂಚಿನ ಊರಿನಲ್ಲಿ ಕುರಿಯ ಕಿವಿಸಂದಿಯಿಂದ ಉಣ್ಣಿ ಕಿತ್ತು ಉಗುರಿನಿಂದ ಒತ್ತಿ ಸಾಯಿಸುವುದರಲ್ಲಿ ಮೈಲಾರವ್ವನಷ್ಟು ಚುರುಕು ಕೈ ಇನ್ನೊಂದಿರಲಿಲ್ಲ. ೧೯೮೪ರ ಮಳೆಗಾಲ ಮುಗಿದ ಮೇಲೆ ಅವಳಿಗೆ ಜ್ವರ ಬಂತು. ಮೂರನೆಯ ದಿನ ಮಣಿಕಟ್ಟಿನಲ್ಲಿ ಕೆಂಪು ಕಲೆಗಳೆದ್ದವು. ಅತ್ತೆ ದೇವಕ್ಕ ನೋಡಿದವಳೇ ಕೈಮುಗಿದಳು. ಮೈಮೇಲೆ ಗುಳ್ಳೆ ಏಳಿಸುವ ದೇವಿ, ಅವ್ವ, ಬಂದಿದ್ದಾಳೆಂದು ಸೊಸೆಯನ್ನು ಒಳಕೋಣೆಯಲ್ಲಿ ಮಲಗಿಸಿ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಹೊರಗಿನಿಂದ ಚಿಲಕ ಹಾಕಿದಳು. ಮನೆಯಲ್ಲಿ ಒಗ್ಗರಣೆ ನಿಂತಿತು, ಔಷಧದ ಹೆಸರೆತ್ತುವಂತಿರಲಿಲ್ಲ. ಗಂಡ ಭರಮಪ್ಪ ಹಿಂಡು ಹೊಡೆದುಕೊಂಡು ನವಲಗುಂದದ ಹೊಲಗಳಿಗೆ ಹೋಗಿದ್ದ.

ಕೋಣೆಗೆ ಕಿಟಕಿಯಿರಲಿಲ್ಲ. ತಲೆ ಸಿಡಿಯುತ್ತಿತ್ತು. ಕಲೆಗಳು ಅಂಗೈ ಅಂಗಾಲಿಗೂ ಹಬ್ಬಿದವು. ಮೈಲಾರವ್ವ ಬಾಗಿಲ ಸಂದಿನ ಬೆಳಕಿಗೆ ಕೈ ಹಿಡಿದು ನೋಡಿದಳು. ತವರು ಗುಡಗೇರಿಯಲ್ಲಿ ಏಳು ವರ್ಷದವಳಿದ್ದಾಗ ಈ ಅವ್ವ ಮೈಮೇಲೆ ಬಂದಿದ್ದಳು. ಆಗ ಎದ್ದದ್ದು ನೀರು ತುಂಬಿದ ಗುಳ್ಳೆ. ಅದರದೊಂದು ಕುಳಿ ಇನ್ನೂ ಹಣೆಯ ಮೇಲಿತ್ತು. ಇವುಗಳಲ್ಲಿ ನೀರಿರಲಿಲ್ಲ. ಆದರೂ ದೇವಿ ಬಂದಿಲ್ಲ ಎನ್ನಲು ನಾಲಗೆ ಏಳಲಿಲ್ಲ. ಎರಡು ದಿನ ಆ ಭಯದಲ್ಲೇ ಬಿದ್ದಿದ್ದಳು. ದೇವಕ್ಕ ತಂದ ಗಂಜಿಯ ಬಟ್ಟಲು ಹಿಡಿಯಲೂ ಕೈಗೆ ಶಕ್ತಿ ಇಲ್ಲದಾದಾಗ ಬಾಯಿಬಿಟ್ಟಳು.

“ಅತ್ತಿ, ಅವ್ವ ಸಣ್ಣಾಕಿದ್ದಾಗನ ಬಂದ ಹೋಗ್ಯಾಳ್ರಿ. ಒಮ್ಮೆ ಬಂದಾಕಿ ಮತ್ತ ಬರೂದಿಲ್ಲಂತ ನೀವ ಹೇಳ್ತಿದ್ರಿ.”

“ಸುಮ್ಕಿರ ಬೇ. ಆಕಿ ಸಿಟ್ಟಾದಾಳು.”

“ಬಂದಿದ್ರ ಅಲ್ಲೇನ್ರಿ ಸಿಟ್ಟಾಗೂದು?”

ದೇವಕ್ಕ ಬಹಳ ಹೊತ್ತು ಸೊಸೆಯ ಹಣೆಯ ಕುಳಿ ಸವರಿದಳು. ಆಮೇಲೆ ಬೇವಿನ ಸೊಪ್ಪು ಬಿಚ್ಚಿ, ನೆರೆಮನೆಯ ರಹಿಮಾನಸಾಬನ ಎತ್ತಿನ ಚಕ್ಕಡಿ ತರಿಸಿದಳು.

ಕಲಘಟಗಿಯ ಡಾಕ್ಟರು ಅವಳ ಒಡೆದ ಉಗುರುಸಂದಿ ನೋಡಿ ಉಣ್ಣಿಯ ಬಗ್ಗೆ ಕೇಳಿದರು. ಒತ್ತಿ ಸಾಯಿಸಿದ ಉಣ್ಣಿಯ ಕ್ರಿಮಿ ಆ ಗಾಯದಿಂದ ಒಳಹೊಕ್ಕು ರಕ್ತನಾಳದ ಗೋಡೆಯಲ್ಲೇ ಅಡಗಿದೆ ಎಂದರು. ಗುಳ್ಳೆಯ ಜಡ್ಡನ್ನು ಒಮ್ಮೆ ಗೆದ್ದ ಮೈ ಅದರ ಗುರುತು ಮರೆಯುವುದಿಲ್ಲವಂತೆ; ಆದರೆ ಈ ಕಳ್ಳ ಹೊಸಬ, ಗುರುತು ಹಿಡಿಯಲು ರಕ್ತಕ್ಕೆ ವಾರಕ್ಕೂ ಹೆಚ್ಚು ಬೇಕಂತೆ. ಅದಕ್ಕೇ ಆ ದಿನದ ರಕ್ತಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಡಾಕ್ಟರು ಕಾಯದೆ ಗುಳಿಗೆ ಕೊಟ್ಟರು. ಮೂರು ದಿನಕ್ಕೆ ಜ್ವರ ಇಳಿಯಿತು. ಹತ್ತು ದಿನ ಬಿಟ್ಟು ತೆಗೆದ ರಕ್ತದಲ್ಲಿ ಗುರುತು ಸಿಕ್ಕಿತು.

ದೇವಕ್ಕ ಆದರೂ ಅವ್ವನಿಗೆ ಮೊಸರನ್ನದ ಎಡೆ ಇಟ್ಟಳು. ಮೈಲಾರವ್ವ ಮನಸಾರೆ ಕೈಮುಗಿದಳು. ಅಂದು ಬಂದುಹೋದವಳೇ ತನ್ನನ್ನು ಹೊರಗೆ ಕರೆತಂದಳೆಂದು ಅವಳ ನಂಬಿಕೆ. ಆಮೇಲೆ ಉಣ್ಣಿಗಳನ್ನು ಉಗುರಿನಿಂದ ಒತ್ತದೆ ಚಿಮಣಿ ಎಣ್ಣೆಯ ಡಬ್ಬಿಗೆ ಹಾಕತೊಡಗಿದಳು. ಒಳಕೋಣೆಯ ಚಿಲಕವನ್ನು ಮಾತ್ರ ಕಲ್ಲಿನಿಂದ ಬಡಿದು ಕಿತ್ತಳು. ದೇವಕ್ಕ ಕೆಳಗೆ ಬಿದ್ದ ಮೊಳೆಗಳನ್ನು ಆಯ್ದುಕೊಂಡಳು.